ಬಿಬವೇವಾಡಿ ಡಬ್ಬಾ

ಹಸಿರು ಬಟನ್ನು ಒತ್ತಿ ಹಿಡಿದಾಗ ಕೆಂಪು ಸುಮ್ಮನಿರುತ್ತದೆಯೇ? ನಿನ್ನೆ ಸಂಜೆ ಸುಮ್ಮನಿತ್ತು. ಫೋನಿನ ಚಾರ್ಜರಿಗೆ ಸಿಕ್ಕಿಸಿ ನೋಡಿದಾಗ ದೀಪ ಹಸಿರಾಯಿತು, ಆಮೇಲೆ ಹಳದಿಯೂ ಆಯಿತು. ಆದರೆ ಚಾರ್ಜರು ಬರೀ ಕರೆಂಟು ಕೊಡುತ್ತದೆ, ಮಾತಾಡಿಸುವುದಿಲ್ಲ. ಅಲ್ಲಿ ಪಂದ್ಯದ ಹಾಲ್‌ನಲ್ಲಿ ಯಂತ್ರ ಕೇಳುತ್ತದೆ, ನೀನು ಯಾರು ಎಂದು. ಆಗ ಈ ಡಬ್ಬಿ ಏನು ಹೇಳುತ್ತದೆ?

ಇನ್ನೂ ಒಂದು ಪ್ರಶ್ನೆ ಇತ್ತು. ಅದು ಬಾಯಿಗೆ ಬರುವ ಮೊದಲೇ ದೇವಾನಂದ ಬಸ್ಸಿನ ಕಿಟಕಿಯ ಆಚೆ ನೋಡತೊಡಗಿದ.

ಭಾನುವಾರದ ಬೆಳಿಗ್ಗೆ. ಪುಣೆಯ ಬಿಬವೇವಾಡಿಯಿಂದ ಹೊರಟ ಬಸ್ಸು ಸ್ವಾರಗೇಟಿನಲ್ಲಿ ತುಂಬಿಕೊಂಡು ಕೋಥರೂಡದ ಕಡೆ ಹೊರಳಿತ್ತು. ಮುಂದಿನ ಸೀಟಿನಲ್ಲಿ ಅವನ ಅಪ್ಪ ಜಟ್ಟೆಪ್ಪ, ಟವೆಲ್ ಸುತ್ತಿದ, ಮೇಲೆ ಆಟದ ಕೋಲು ನಿಂತ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ದೇವರ ಪೆಟ್ಟಿಗೆ ಹೊತ್ತವನ ಹಾಗೆ ನೆಟ್ಟಗೆ ಕೂತಿದ್ದ. ಅವನ ಪಕ್ಕದಲ್ಲಿ ದೇವಾನಂದನ ಮಗಳು ಸಪ್ನಾ, ಹದಿನೆಂಟರ ಹುಡುಗಿ.

"ಮುತ್ಯಾ, ಅಷ್ಟು ಗಟ್ಟಿ ಹಿಡಿಬ್ಯಾಡ. ಕೋಲು ಬಾಗ್ತದ."

"ಬಾಗ್ಲಾಕ ಅದೇನು ನಿಮ್ಮಪ್ಪನ ಸೊಂಟ ಏನ? ಸಾಗವಾನಿ ಪೆಟ್ಟಿಗಿ ಅದ. ಮ್ಯಾಲ ಸ್ಲ್ಯಾಬ್ ಹಾಕಿದ್ರೂ ತಡೀತದ."

"ಪೆಟ್ಟಿಗಿ ತಡೀತದ, ಕೋಲು ತಡೀಬೇಕಲ್ಲ!"

"ಕೋಲು ನಾ ಮಾಡಿಲ್ಲವ್ವಾ. ಅದರ ಜವಾಬ್ದಾರಿ ಹಿಂದ ಕೂತಾನಲ್ಲ, ಬಾಯಾಗ ಬೆಲ್ಲ ಇಟ್ಕೊಂಡು, ಅವಂದು."

ಹಿಂದೆ ಕೂತವನು ನಗಲು ನೋಡಿದ. ಅಂಗಿಯ ಜೇಬಿನಲ್ಲಿದ್ದ ಒಂದು ಸಣ್ಣ ಪ್ಲಾಸ್ಟಿಕ್ ತುಂಡು ಎದೆಗೆ ಒತ್ತಿತು. ಅದನ್ನು ಅಲ್ಲಿಂದ ತೆಗೆದು ಎಸೆಯಬೇಕು ಎಂದುಕೊಂಡ, ಎಸೆಯಲಿಲ್ಲ.

ಆ ಡಬ್ಬಿಯ ಕಥೆ ಶುರುವಾದದ್ದು ಒಂದು ಯಂತ್ರ ಗುಜರಿಗೆ ಹೋದದ್ದರಿಂದ. ಅವರ ಬಿಲ್ಡಿಂಗಿನ ಕೆಳಗಿನ ಝೆರಾಕ್ಸ್ ಅಂಗಡಿಯಲ್ಲಿ ನಾಣ್ಯ ಹಾಕಿ ಆಡುವ ಹಳೆಯ ಗೇಮಿನ ಕಪಾಟೊಂದಿತ್ತು. ಪರದೆಯ ಮೇಲೆ ಇಬ್ಬರು ಜಗಜಟ್ಟಿಗಳು ಹೊಡೆದಾಡುವ ಆಟ. ಎಡಗೈಗೆ ಒಂದು ಕೋಲು, ಬಲಗೈಗೆ ಸಾಲು ಬಟನ್ನುಗಳು. ಆರನೇ ಕ್ಲಾಸಿನಿಂದ ಸಪ್ನಾ ಅದರ ಮುಂದೆಯೇ ಬೆಳೆದಳು. ಕೊರೊನಾದಲ್ಲಿ ಅಂಗಡಿ ಮುಚ್ಚಿತು, ಕಪಾಟು ಗುಜರಿ ಗಾಡಿ ಹತ್ತಿತು. ಆಮೇಲೆ ಮನೆಗೆ ಯಾರೋ ಆಡಿ ಬಿಟ್ಟ ಪ್ಲೇಸ್ಟೇಷನ್ ಒಂದು ಬಂತಾದರೂ, ಅದರ ಜೊತೆಗೆ ಬಂದ, ಎರಡು ಹೆಬ್ಬೆರಳಲ್ಲಿ ಆಡಿಸುವ ಕಂಟ್ರೋಲರ್ ಅವಳ ಕೈಗೆ ಒಗ್ಗಲಿಲ್ಲ. "ರೊಟ್ಟಿ ಬಡಿಯೋ ಕೈಗೆ ಸೂಜಿ ಕೊಟ್ಟಂಗ ಆಗ್ಯಾದ ಪಪ್ಪಾ" ಎಂದಿದ್ದಳು. ಕೋಲು ಬೇಕು ಅವಳಿಗೆ. ಮಣಿಕಟ್ಟು ತಿರುಗಬೇಕು.

ಅಷ್ಟರಲ್ಲಿ ಕೋಥರೂಡದ ಕ್ಲಬ್ಬೊಂದು ಪಂದ್ಯ ಕರೆಯಿತು. ಆಟ ಒಂದೇ, ಸುತ್ತು ಮೂರು, ಸುತ್ತಿಗೊಂದು ಯಂತ್ರ: ಮೊದಲು ಪ್ಲೇಸ್ಟೇಷನ್, ಆಮೇಲೆ ಎಕ್ಸ್‌ಬಾಕ್ಸ್, ಕೊನೆಗೆ ಸ್ವಿಚ್. ಕಂಟ್ರೋಲರ್ ಆಟಗಾರರೇ ತರಬೇಕು. ಗೆದ್ದವರಿಗೆ ಪುಣೆಯ ತಂಡದಲ್ಲಿ ಜಾಗ. ತೊಡಕೆಂದರೆ, ಒಂದು ಯಂತ್ರದ ಕಂಟ್ರೋಲರ್ ಇನ್ನೊಂದಕ್ಕೆ ನಡೆಯುವುದಿಲ್ಲ. ಅತ್ತೆಮನೆಯ ಬೀಗಕ್ಕೆ ತವರಿನ ಕೀಲಿಕೈ ಹಾಕಿದ ಹಾಗೆ.

"ಮೂರಕ್ಕೂ ನಡೀವಂಥದು ನಾವೇ ಮಾಡಮು" ಎಂದು ಊಟಕ್ಕೆ ಕೂತಾಗ ದೇವಾನಂದ ಹೇಳಿದ. ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು ಎನ್ನುವ ಮನುಷ್ಯ ಅವನು. ಬಡಿಸುತ್ತಿದ್ದ ಹೆಂಡತಿ ಶೈಲಾ ಸೌಟು ಹಿಡಿದೇ ನಿಂತುಬಿಟ್ಟಳು. "ಮಾತಾಡಿದ್ರು ನೋಡವ್ವಾ ನಿಮ್ಮಪ್ಪ. ಇನ್ನ ಮಾಡೋತನ ಬಿಡಂಗಿಲ್ಲ."

ಬಿಡಲೂ ಇಲ್ಲ. ಭೋಸರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಅವನು ಇಪ್ಪತ್ತೆರಡು ವರ್ಷಗಳಿಂದ ಮೋಟಾರು, ಪಂಪುಗಳನ್ನು ನಡೆಸುವ ಪ್ಯಾನೆಲ್ಲುಗಳಿಗೆ ವೈರು ಕಟ್ಟುತ್ತಿದ್ದ. ಅವನು ಕಟ್ಟಿದ ಪ್ಯಾನೆಲ್ಲು ತಪ್ಪಿದೆ ಎಂದು ಒಂದು ಸಲವೂ ವಾಪಸು ಬಂದಿರಲಿಲ್ಲ. ಜಟ್ಟೆಪ್ಪ ಯಾದಗಿರಿ ಕಡೆಯಿಂದ ಬಂದು ಮೂವತ್ತು ವರ್ಷ ಸ್ಲ್ಯಾಬುಗಳಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ ಮಾಡಿದವನು. ಬಾಗಿಲ ಚೌಕಟ್ಟಿನಲ್ಲಿ ಉಳಿದ ಸಾಗವಾನಿ ಹುಡುಕಿ ತಂದು, ಮೊಳೆ ಇಲ್ಲದೆ ಮೂಲೆ ಕೂಡಿಸಿ ಪೆಟ್ಟಿಗೆ ಮಾಡಿದ. ಜಾರದಿರಲೆಂದು ತಳಕ್ಕೆ ಸೈಕಲ್ ಟ್ಯೂಬು ಅಂಟಿಸಿದ. ಸಪ್ನಾ ಅಂಗೈಯಗಲದ ಒಂದು ಸರ್ಕ್ಯೂಟ್ ಬೋರ್ಡು ತರಿಸಿ, ಅದಕ್ಕೆ ಬುದ್ಧಿ ಕಲಿಸಿದಳು. ಕೆಂಪು ಬಟನ್ನು ಒತ್ತಿ ಹಿಡಿದು ತಂತಿ ಸಿಕ್ಕಿಸಿದರೆ ಡಬ್ಬಿ ಪ್ಲೇಸ್ಟೇಷನ್ನಿನ ಭಾಷೆ ಆಡಬೇಕು, ಹಸಿರಿಗೆ ಎಕ್ಸ್‌ಬಾಕ್ಸಿನದು, ಹಳದಿಗೆ ಸ್ವಿಚ್ಚಿನದು. ಯಾವ ಭಾಷೆಯೋ ಆ ಬಣ್ಣದ ಪುಟ್ಟ ದೀಪ ಹತ್ತಬೇಕು. ಅಕಸ್ಮಾತ್ ಎರಡು ಒಟ್ಟಿಗೆ ಒತ್ತಿದರೆ ಕೆಂಪಿನ ಮಾತೇ ಮೇಲು; ಯಾವುದನ್ನೂ ಒತ್ತದಿದ್ದರೂ ಕೆಂಪೇ.

ಕೆಂಪು ಬಟನ್ನಿಗೆ ಇನ್ನೊಂದು ಕೆಲಸವೂ ಇತ್ತು. ಆಟದ ನಡುವೆ ಒತ್ತಿದರೆ ಆಟ ನಿಲ್ಲಬೇಕು. ಹೊಡೆದಾಟದಲ್ಲಿ ಕೈತಪ್ಪಿ ತಾಗದಿರಲೆಂದು ಅದನ್ನು ಡಬ್ಬಿಯ ಎಡಮಗ್ಗುಲಿಗೆ ಕೂರಿಸಿದರು. ಗಟ್ಟಿಯಾದದ್ದೇ ಇರಲಿ ಎಂದು ದೇವಾನಂದ ಅದೊಂದನ್ನು ಕಾರ್ಖಾನೆಯ ಹಳೆ ಸಾಮಾನಿನ ಡ್ರಾಯರಿನಿಂದ, ಸೂಪರ್‌ವೈಸರನ್ನು ಕೇಳಿಯೇ ತಂದಿದ್ದ. ವೈರಿನ ಪ್ರತಿ ತುದಿಗೂ ನಂಬರಿನ ಕೊಳವೆ ತೊಡಿಸಿದ, ಗಂಟುಗಳನ್ನು ಜಡೆಯ ಹಾಗೆ ಕಟ್ಟಿದ. ಕೊನೆಗೆ, ವೈರು ಕೂಡಿದರೆ ಪೀಂ ಎನ್ನುವ ಮೀಟರು ಹಿಡಿದು ಒಂದೊಂದೇ ಬಟನ್ನಿನ ಸದ್ದು ಕೇಳಿದ. ಸಪ್ನಾ ಪಕ್ಕದಲ್ಲಿ ಬ್ಯಾಟರಿಯ ಬೆಳಕು ಹಿಡಿದು ಕೂತಿದ್ದಳು. ಎಲ್ಲ ಸರಿ ಎಂದು ಚೀಟಿಯಲ್ಲಿ ಟಿಕ್ ಹಾಕಿದ. ಮನೆಯ ಪ್ಲೇಸ್ಟೇಷನ್ನಿಗೆ ಸಿಕ್ಕಿಸಿದರೆ ಕೆಂಪು ದೀಪ ಹತ್ತಿ ಕೋಲು ನಾಗರದ ಹಾಗೆ ಆಡಿತು. ಬೇರೆ ಯಂತ್ರ ಮನೆಯಲ್ಲಿ ಇರಲಿಲ್ಲ. ಮೀಟರು ಸಾಕ್ಷಿ ಹೇಳಿದ ಮೇಲೆ ಬೇಕೆಂದೂ ಅವನಿಗೆ ಅನ್ನಿಸಲಿಲ್ಲ.

ಮೊದಲ ಪಂದ್ಯಕ್ಕೆ ಮೂವರೂ ಹೋದರು. ಪ್ಲೇಸ್ಟೇಷನ್ನಿನ ಸುತ್ತನ್ನು ಸಪ್ನಾ ಊದಿದ ಹಾಗೆ ಗೆದ್ದಳು. ಎಕ್ಸ್‌ಬಾಕ್ಸಿನ ಮುಂದೆ ಕೂತು ಹಸಿರು ಒತ್ತಿ ಹಿಡಿದು ಸಿಕ್ಕಿಸಿದಳು. ಕೆಂಪು ದೀಪ. ಕಿತ್ತು ಮತ್ತೆ ಸಿಕ್ಕಿಸಿದಳು. ಕೆಂಪು. ಮತ್ತೊಮ್ಮೆ. ಕೆಂಪೇ. ಎರಡು ನಿಮಿಷದಲ್ಲಿ ಯಂತ್ರ ಕಂಟ್ರೋಲರನ್ನು ಒಪ್ಪದಿದ್ದರೆ ಸೋತ ಹಾಗೆ ಎಂಬುದು ಅಲ್ಲಿಯ ನಿಯಮ. ಗಡಿಯಾರ ಮುಗಿಯಿತು. ಹಿಂದಿನ ಸಾಲಿನಲ್ಲಿ ಯಾರೋ ಮರಾಠಿಯಲ್ಲಿ "ಬಿಬವೇವಾಡೀಚಾ ಡಬ್ಬಾ!" ಎಂದರು. ನಗೆ ಎದ್ದಿತು.

ಪಂದ್ಯ ನಡೆಸುತ್ತಿದ್ದವನು ಕಾರ್ತಿಕ, ಬೆಂಗಳೂರಿನಿಂದ ಬಂದು ಪುಣೆಯಲ್ಲಿ ಕೆಲಸಕ್ಕಿರುವ ಹುಡುಗ. ಇವರ ಕನ್ನಡ ಕಿವಿಗೆ ಬಿದ್ದು ಹತ್ತಿರ ಬಂದಿದ್ದ. "ಸರ್, ರೆಡ್ ಬಟನ್ ಸೈಡಲ್ಲಿದೆ ಅಲ್ವಾ? ಬಾಕ್ಸ್ ಹಿಡ್ಕೊಳ್ಳೋವಾಗ ಪಾಮ್ ಟಚ್ ಆಗಿರುತ್ತೆ. ಟೆನ್ಷನ್‌ನಲ್ಲಿ ಆಗುತ್ತೆ, ಪಾಪ."

ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ಸಪ್ನಾ ಹೇಳಿದ್ದಳು: "ಮೂರನೇ ಸಲ ನಾ ಅಂಗೈ ಎತ್ತಿದ್ದೆ ಅನಸ್ತದ ಪಪ್ಪಾ."

"ಅನಸ್ತದ ಅಂದ್ರ ಆಯ್ತೇನು? ಕೈ ಗಡಬಡ ಮಾಡೀದಿ. ನನ್ನ ವೈರಿಂಗ್‌ನ್ಯಾಗ ತಪ್ಪು ಇರಂಗಿಲ್ಲ."

ಅವನು ಗದರಿದ್ದಲ್ಲ. ಎಂದಿನ ಧ್ವನಿಯಲ್ಲಿಯೇ ಹೇಳಿದ್ದ. ಬಹುಶಃ ಅದಕ್ಕೇ ಅವಳು ನಂಬಿಬಿಟ್ಟಳು. ಡಬ್ಬಿ ಅಟ್ಟ ಹತ್ತಿತು. ಒಂದು ತಿಂಗಳು ಅದನ್ನು ಅವಳು ಮುಟ್ಟಲಿಲ್ಲ. ಆದರೆ ಒಂದು ದಿನ ನೀರು ಕುಡಿಯಲು ಎದ್ದವನಿಗೆ ಕಂಡಿತು: ಮಗಳು ಗೋಡೆಗೆ ಮುಖ ಮಾಡಿ ಕೂತಿದ್ದಾಳೆ, ತೊಡೆಯ ಮೇಲೆ ತಲೆದಿಂಬು. ಎಡ ಅಂಗೈಯನ್ನು ದಿಂಬಿನಿಂದ ಮೇಲಕ್ಕೆತ್ತಿ, ಬಲ ಹೆಬ್ಬೆರಳಿಂದ ಇಲ್ಲದ ಬಟನ್ನೊಂದನ್ನು ಒತ್ತಿ ಹಿಡಿಯುತ್ತಾಳೆ. ಬಿಡುತ್ತಾಳೆ. ಮತ್ತೆ ಹಿಡಿಯುತ್ತಾಳೆ. ಅವನು ನೀರು ಕುಡಿಯದೆ ಹೋಗಿ ಮಲಗಿದ್ದ.

ವರ್ಷದ ಎರಡನೆಯ ಮತ್ತು ಕೊನೆಯ ಪಂದ್ಯಕ್ಕೆ ಅವಳ ಹೆಸರು ಕೊಡಿಸಿದ್ದು ಜಟ್ಟೆಪ್ಪ. ತಂಡದಲ್ಲಿ ಉಳಿದದ್ದು ಒಂದೇ ಜಾಗ. "ಈ ಸಲನೂ ಕೈಕೊಟ್ರ ಡಬ್ಬಿ ಯಾರಿಗಾರ ಕೊಟ್ಟುಬಿಡಮು ಮುತ್ಯಾ, ನಾ ಮತ್ತ ಕೂಡಂಗಿಲ್ಲ" ಎಂದು ಸಪ್ನಾ ಷರತ್ತು ಹಾಕಿಯೇ ಒಪ್ಪಿದ್ದಳು.

ನಿನ್ನೆ ಶನಿವಾರ, ಭೋಸರಿಯಲ್ಲಿ ದೇವಾನಂದ ಒಂದು ಪಂಪಿನ ಪ್ಯಾನೆಲ್ಲು ಪರೀಕ್ಷೆ ಮಾಡುತ್ತಿದ್ದ. ಪ್ಯಾನೆಲ್ ಕಟ್ಟುವವರಲ್ಲಿ ಒಂದು ನೇಮವಿದೆ. ಹಸಿರು ಬಟನ್ನು ಒತ್ತಿದಾಗ ವೈರು ಕೂಡಬೇಕು. ಕೆಂಪು ಮಾತ್ರ ಒತ್ತುವ ಮೊದಲೇ ಕೂಡಿಕೊಂಡಿದ್ದು, ಒತ್ತಿದಾಗ ಬಿಡಬೇಕು. ಕೆಂಪು ಎಂದರೆ ನಿಲ್ಲಿಸುವುದು; ಎಲ್ಲೋ ವೈರು ತುಂಡಾದರೂ ಮೋಟಾರು ತಾನಾಗಿ ನಿಲ್ಲಲಿ, ಯಾರದೋ ಕೈ ಉಳಿಯಲಿ ಎಂದು ಹಿರಿಯರು ಮಾಡಿದ ನೇಮ. ಅವನು ಮೀಟರಿನ ಕಡ್ಡಿ ಇಟ್ಟ. ಒತ್ತದೆಯೇ ಪೀಂ ಎಂದಿತು. ಕೆಂಪು ಒತ್ತಿದ. ಸದ್ದು ಸತ್ತಿತು. ಸರಿ.

ಬೆರಳು ಅಲ್ಲಿಯೇ ನಿಂತಿತು.

ಮನೆಯಲ್ಲೂ ಇದನ್ನೇ ಕೇಳಿದ್ದೆ. ಒತ್ತದಿದ್ದಾಗ ಪೀಂ, ಒತ್ತಿದರೆ ಮೌನ. ಇಪ್ಪತ್ತೆರಡು ವರ್ಷ ಕೇಳಿದ ಕಿವಿ ಅದನ್ನೇ ಸರಿ ಎಂದಿತು, ಕೈ ಟಿಕ್ ಹಾಕಿತು. ಆದರೆ ಆ ಡಬ್ಬಿಗೆ ನಿಲ್ಲಿಸಬೇಕಾದ ಮೋಟಾರು ಎಲ್ಲಿತ್ತು? ಅದರ ಲೆಕ್ಕಕ್ಕೆ ಕೆಂಪು ಬಟನ್ನು ಹಗಲೂ ರಾತ್ರಿ ಒತ್ತಿಕೊಂಡೇ ಇತ್ತು. ಮನೆಯ ಯಂತ್ರಕ್ಕೆ ಬೇಕಾದದ್ದೂ ಕೆಂಪೇ, ಒತ್ತಿದರೂ ಬಿಟ್ಟರೂ ಡಬ್ಬಿ ಆಡುತ್ತಿದ್ದದ್ದೂ ಕೆಂಪೇ ಆದ್ದರಿಂದ ಗೊತ್ತಾಗಲಿಲ್ಲ. ಆಟ ನಿಲ್ಲಿಸುವಾಗ, ಬೆರಳು ಒತ್ತಿದಾಗಲ್ಲ, ಎತ್ತಿದಾಗ ನಿಲ್ಲುತ್ತಿತ್ತು. ಅಷ್ಟು ಸೂಕ್ಷ್ಮ ಯಾರು ನೋಡುತ್ತಾರೆ? ಅವತ್ತು ಸಪ್ನಾ ಅಂಗೈ ಎತ್ತಿದ್ದಳು. ಹತ್ತು ಸಲ ಎತ್ತಿದ್ದರೂ ದೀಪ ಕೆಂಪೇ ಆಗುತ್ತಿತ್ತು.

ಸಂಜೆ ತಾಯಿ ಮಗಳು ತರಕಾರಿ ಮಂಡಿಗೆ ಹೋದಾಗ ಅವನು ಡಬ್ಬಿ ಇಳಿಸಿ, ಕೆಂಪು ಬಟನ್ನಿನ ಬೆನ್ನಿಗೆ ಕೂತಿದ್ದ, ವೈರು ಕೂಡಿಸಿ ಬಿಡಿಸುವ ಕೆಂಪು ಬಣ್ಣದ ತುಂಡನ್ನು ಬಿಚ್ಚಿ, ಕಾರ್ಖಾನೆಯಿಂದ ಕೇಳಿ ತಂದ ಹಸಿರು ತುಂಡನ್ನು ಕೂರಿಸಿದ. ಒತ್ತಿದಾಗ ಮಾತ್ರ ಕೂಡುವಂಥದ್ದು. ಐದು ನಿಮಿಷದ ಕೆಲಸ. ಬಿಚ್ಚಿದ್ದನ್ನು ಜೇಬಿಗೆ ಹಾಕಿಕೊಂಡ. ರಾತ್ರಿ ಊಟದಲ್ಲಿ ಹೇಳಬೇಕೆಂದಿದ್ದ. ಬೆಳಿಗ್ಗೆ ಚಹಾದಲ್ಲಿ ಹೇಳಬೇಕೆಂದಿದ್ದ. ಈಗ ಪಂದ್ಯದ ಮುಂಚೆ ಹೇಳಿ ಅವಳ ಮನಸ್ಸು ಕದಡುವುದು ಬೇಡ ಎಂದುಕೊಂಡ. ಸುಮ್ಮನಿರಲು ಕಾರಣ ಹುಡುಕುವುದರಲ್ಲಿ ಅವನಷ್ಟು ಕುಶಲಿ ಇನ್ನೊಬ್ಬನಿರಲಿಲ್ಲ.

ಹಾಲ್‌ನ ಬಾಗಿಲಲ್ಲಿ ಕಾರ್ತಿಕ ಸಿಕ್ಕ. "ಬನ್ನಿ ಸರ್, ತಾತ, ಬನ್ನಿ. ಸಪ್ನಾ, ಪ್ಲಗ್ ಮಾಡೋವಾಗ ಕಾಮ್ ಆಗಿರು, ಅಷ್ಟೆ."

"ಹೂಂ" ಎಂದಳು ಸಪ್ನಾ. ಅವಳ ಎಡ ಮಣಿಕಟ್ಟಿನ ಒಳಭಾಗದಲ್ಲಿ ಪೆನ್ನಿನಿಂದ ಏನೋ ಬರೆದದ್ದು ದೇವಾನಂದನಿಗೆ ಕಂಡಿತು. 'ಕೈ ಎತ್ತು.' ಮೂರು ಸಲ ತಿದ್ದಿ ತಿದ್ದಿ ಬರೆದಿದ್ದಳು.

ಮೊದಲ ಸುತ್ತಿಗೆ ಕೂತು, ಕೆಂಪು ಬಟನ್ನಿನ ಮೇಲೆ ಬೆರಳಿಟ್ಟವಳು ತಟ್ಟನೆ ತಿರುಗಿದಳು. "ಪಪ್ಪಾ, ಇದರ ಸದ್ದು ಬ್ಯಾರೆ ಆಗ್ಯಾದ."

"ಹಳೇದು ಜರಾ ಸಡ್ಲಿತ್ತು. ಬದಲಿ ಮಾಡೀನಿ."

ಅವಳು ಒಂದು ಗಳಿಗೆ ಅವನನ್ನೇ ನೋಡಿ ಪರದೆಯ ಕಡೆ ತಿರುಗಿದಳು. ಆ ಸುತ್ತು ಆರು ನಿಮಿಷದಲ್ಲಿ ಮುಗಿಯಿತು. ಎದುರಾಳಿ ಹುಡುಗ ಎದ್ದು ಕೈ ಕುಲುಕುವಾಗಲೂ ಎಲ್ಲಿ ಹೊಡೆತ ಬಿತ್ತೆಂದು ತಿಳಿಯದವನ ಹಾಗಿದ್ದ.

ಎರಡನೆಯ ಮೇಜು. ಎಕ್ಸ್‌ಬಾಕ್ಸು. ಕಾರ್ತಿಕ ಗಡಿಯಾರ ಒತ್ತಿದ. ಹಿಂದಿನ ಸಾಲಿನಿಂದ ಅದೇ ದನಿ: "ಡಬ್ಬಾ ಪರತ್ ಆಲಾ ರೇ!" ಡಬ್ಬಿ ಮತ್ತೆ ಬಂತಂತೆ.

ಸಪ್ನಾ ಡಬ್ಬಿಯನ್ನು ತೊಡೆಗೇರಿಸಿದಳು. ಎಡ ಅಂಗೈ ಮಗ್ಗುಲಿನಿಂದ ಒಂದು ಗೇಣು ದೂರ, ಗಾಳಿಯಲ್ಲಿ. ಹಸಿರು ಒತ್ತಿ ಹಿಡಿದಳು. ತಂತಿ ಸಿಕ್ಕಿಸಲು ಕಾರ್ತಿಕನಿಗೆ ಕಣ್ಣಿನಲ್ಲೇ ಹೇಳಿದಳು. ದೇವಾನಂದ ಕಣ್ಣು ಮುಚ್ಚಿದ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಪ್ಯಾನೆಲ್ಲುಗಳಿಗೆ ಮೊದಲ ಸಲ ಕರೆಂಟು ಕೊಟ್ಟಿದ್ದ. ಯಾವುದರ ಮುಂದೆಯೂ ಹೀಗೆ ಕಣ್ಣು ಮುಚ್ಚಿರಲಿಲ್ಲ.

"ಹಸರಾತು!" ಜಟ್ಟೆಪ್ಪ ಕೂಗಿದ. "ಏ ದೇವ್ಯಾ, ಕಣ್ಣು ತೆರಿಯೋ, ಹಸರಾತು!"

ದೀಪ ಹೊಲದಲ್ಲಿ ಮೊಳೆತ ಜೋಳದ ಹಾಗೆ ಹಸಿರಾಗಿತ್ತು. ಪರದೆಯ ಮೂಲೆಯಲ್ಲಿ ಕಂಟ್ರೋಲರ್ ಸೇರಿತೆಂಬ ಗುರುತು ಮೂಡಿತು. ಸಪ್ನಾ ಕೋಲನ್ನು ಎಡಕ್ಕೆ ತಳ್ಳಿದಳು. ಪರದೆಯ ಜಟ್ಟಿ ಎಡಕ್ಕೆ ಸರಿದ. ಬಲಕ್ಕೆ, ಬಲಕ್ಕೆ ಸರಿದ. ಅವಳ ಭುಜ ಕೆಳಗಿಳಿಯಿತು. ಒಂದು ತಿಂಗಳಿನಿಂದ ಕಿವಿಯ ತನಕ ಏರಿಕೊಂಡಿದ್ದ ಭುಜ ಅದು.

ಆಮೇಲೆ ಆದದ್ದನ್ನು ಆಟ ಎನ್ನಬೇಕೋ ಸುಗ್ಗಿ ಎನ್ನಬೇಕೋ. ಮಣಿಕಟ್ಟು ತಿರುಗಿತು, ಬಟನ್ನುಗಳು ರೊಟ್ಟಿ ಬಡಿದ ಹಾಗೆ ಸದ್ದು ಮಾಡಿದವು. ಜಟ್ಟೆಪ್ಪನಿಗೆ ಆಟದ ಗಂಧವಿರಲಿಲ್ಲ. ಆದರೆ ಕುಸ್ತಿ ಗೊತ್ತಿತ್ತು. "ಕಾಲು ಹಿಡಿಯವ್ವಾ! ಹಾಂ, ಎತ್ತಿ ಒಗಿ! ಬೆನ್ನಿಗಿ ಮಣ್ಣ ಹತ್ಲಿ!" ಎಂದು ಅವನು ಎದ್ದು ನಿಂತು ತೊಡೆ ತಟ್ಟುತ್ತಿದ್ದರೆ, ಮರಾಠಿ ಹುಡುಗರು ತಮ್ಮ ಆಟ ಬಿಟ್ಟು ಇವನನ್ನೇ ನೋಡತೊಡಗಿದರು.

ಕೊನೆಯ ಸುತ್ತಿಗೆ ಎದುರು ಬಂದವಳು ಮಂಜರಿ, ಕೋಥರೂಡದವಳೇ; ಅಂಗಡಿಯಿಂದ ತಂದ, ಮಿರಿಮಿರಿ ಹೊಳೆಯುವ ಕಂಟ್ರೋಲರ್ ಹಿಡಿದವಳು. "ಡಬ್ಬಾದಲ್ಲಿ ಊಟ ಇದೆಯಾ?" ಎಂದು ಮರಾಠಿಯಲ್ಲಿ ಕೆಣಕಿದಳು. "ಇದೆ, ನಿನಗೇ ತಂದಿದ್ದೇನೆ" ಎಂದು ಸಪ್ನಾ ಮರಾಠಿಯಲ್ಲೇ ತಿರುಗಿಸಿ ಕೊಟ್ಟಳು. ಹಾಲ್ ನಕ್ಕಿತು. ಈ ಸಲ ನಗೆ ಇವಳ ಕಡೆ ಇತ್ತು.

ಹಳದಿ ಒತ್ತಿ ಹಿಡಿದಳು, ದೀಪ ಹಳದಿಯಾಯಿತು. ಅಂಗೈ ಎತ್ತುವುದನ್ನು ಆಗ ಅವಳು ಮರೆತಿದ್ದಳು. ಅದು ಮಗ್ಗುಲಿಗೆ, ಕೆಂಪು ಬಟನ್ನಿನ ಪಕ್ಕದಲ್ಲೇ ಒರಗಿತ್ತು. ಅದನ್ನು ಗಮನಿಸಿದವನು ದೇವಾನಂದನೊಬ್ಬನೇ.

ಮೊದಲ ಆಟ ಮಂಜರಿಗೆ ಹೋಯಿತು, ಎರಡನೆಯದು ಸಪ್ನಾಗೆ. ಮೂರನೆಯದರಲ್ಲಿ ಸಪ್ನಾಳ ಜಟ್ಟಿಗೆ ಉಳಿದದ್ದು ಒಂದು ಹೊಡೆತ ತಡೆಯುವಷ್ಟು ಜೀವ. ಮಂಜರಿಯ ಜಟ್ಟಿ ನೆಗೆದ. ಸಪ್ನಾ ಕೋಲನ್ನು ಅರ್ಧ ಚಂದ್ರ ಬರೆದ ಹಾಗೆ ತಿರುಗಿಸಿ ಎರಡು ಬಟನ್ನು ಒಟ್ಟಿಗೆ ಬಡಿದಳು. ಝೆರಾಕ್ಸ್ ಅಂಗಡಿಯ ಕಪಾಟಿನ ಮುಂದೆ, ಸ್ಟೂಲಿನ ಮೇಲೆ ನಿಂತು ಕಲಿತ ಹೊಡೆತ. ನೆಗೆದವನು ಕೆಳಗೆ ಬರಲಿಲ್ಲ. ಹಾಗೇ ಹಾರಿ ಪರದೆಯ ಆಚೆ ಹೋದ.

ಆಮೇಲೆ ಹಿಂದಿನ ಸಾಲಿನ ಅದೇ ದನಿ "ಡಬ್ಬಾ!" ಎಂದಿತು. ಪಕ್ಕದವರು "ಡಬ್ಬಾ!" ಎಂದರು. "ಡಬ್ಬಾ! ಡಬ್ಬಾ! ಬಿಬವೇವಾಡೀಚಾ ಡಬ್ಬಾ!" ಚಾವಣಿ ಹಾರುವ ಹಾಗೆ ಕೂಗು ಎದ್ದಿತು. ಜಟ್ಟೆಪ್ಪ ಟವೆಲನ್ನು ರುಮಾಲಿನಂತೆ ತಲೆಗೆ ಸುತ್ತಿಕೊಂಡು, ಸಿಕ್ಕಸಿಕ್ಕವರ ಕೈ ಹಿಡಿದು, "ಸಾಗವಾನಿ! ಮೀ ಕೇಲಾ!" ಎಂದು, ತಾನೇ ಮಾಡಿದ್ದೆಂದು ಮರಾಠಿಯಲ್ಲಿ ಸಾರುತ್ತ ತಿರುಗಿದ. ಮಂಜರಿಯೇ ಬಂದು ಡಬ್ಬಿಯನ್ನು ಮಡಿಲಿಗೆ ತೆಗೆದುಕೊಂಡು, ಕೋಲನ್ನು ಆಡಿಸಿ ನೋಡಿ, ಎಲ್ಲಿ ಕೊಂಡೆ ಎಂದು ಕೇಳಿದಳು.

"ಘರೀ" ಎಂದಳು ಸಪ್ನಾ. ಮನೆಯಲ್ಲಿ.

ಕಾರ್ತಿಕ ತಂಡದ ಅಂಗಿ ತಂದು ಅವಳ ಕೈಗಿತ್ತ. "ಒಳಗೆ ನೋಡ್ಬಹುದಾ ಸರ್, ಪ್ಲೀಸ್?" ದೇವಾನಂದ ತಡೆಯುವ ಮೊದಲೇ ಸಪ್ನಾ ತಳದ ತಿರುಪು ಬಿಚ್ಚಿದ್ದಳು. ಹತ್ತಾರು ತಲೆಗಳು ಬಾಗಿದವು. ನಂಬರು ತೊಟ್ಟ ವೈರುಗಳು ಜಡೆ ಹಾಕಿಕೊಂಡು ಸಾಲಾಗಿ ನಿಂತಿದ್ದವು. "ಅಬ್ಬಾ! ಏನ್ ಕ್ಲೀನ್ ವರ್ಕು ಸರ್ ಇದು" ಎಂದ ಕಾರ್ತಿಕ.

"ನಮ್ಮ ಪಪ್ಪಾನ ವೈರಿಂಗ್‌ನ್ಯಾಗ ತಪ್ಪು ಇರಂಗಿಲ್ರಿ" ಎಂದಳು ಸಪ್ನಾ.

ಹೇಳುತ್ತಲೇ ಅವಳ ಕಣ್ಣು ಕೆಂಪು ಬಟನ್ನಿನ ಬೆನ್ನಿಗೆ ಹೋಯಿತು. ಬ್ಯಾಟರಿ ಹಿಡಿದು ಕೂತ ದಿನ ಅವಳು ಅಲ್ಲಿ ನೋಡಿದ್ದು ಕೆಂಪು ತುಂಡು. ಈಗ ಅಲ್ಲಿ ಹಸಿರು ಇತ್ತು. ಉಳಿದವರು ನೋಡಿದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನೋಡಿದಳು. ಆಮೇಲೆ ತಾನೇ ಮುಚ್ಚಳ ಕೂರಿಸಿ, ನಾಲ್ಕೂ ತಿರುಪು ಬಿಗಿ ಮಾಡಿದಳು.

ವಾಪಸು ಬಸ್ಸಿನಲ್ಲಿ ಡಬ್ಬಿ ಸಪ್ನಾಳ ತೊಡೆಯ ಮೇಲಿತ್ತು, ಅವಳು ಅಪ್ಪನ ಪಕ್ಕದಲ್ಲಿದ್ದಳು. ಮುಂದೆ ಜಟ್ಟೆಪ್ಪ ಕಂಡಕ್ಟರನಿಗೆ ಕೊನೆಯ ಹೊಡೆತವನ್ನು ಎರಡನೆಯ ಸಲ ವರ್ಣಿಸುತ್ತಿದ್ದ. ಈ ಸಲ ಎದುರಾಳಿಗಳು ಇಬ್ಬರಾಗಿದ್ದರು. ಸಪ್ನಾ ಹೊಸ ಅಂಗಿಯನ್ನು ಹಳೆಯದರ ಮೇಲೆಯೇ ತೊಟ್ಟಿದ್ದಳು. ಬೆರಳಿಗೆ ಉಗುಳು ಹಚ್ಚಿ ಮಣಿಕಟ್ಟಿನ ಅಕ್ಷರಗಳನ್ನು ಉಜ್ಜತೊಡಗಿದಳು.

"ಅವತ್ತ ಕೈ ಗಡಬಡ ಆಗಿತ್ತು ನೋಡು ಪಪ್ಪಾ" ಎಂದಳು, ತಲೆ ಎತ್ತದೆ. "ಇವತ್ತ ಆಗ್ಲಿಲ್ಲ."

ಆ ಮಾತಿನ ಕೊನೆಗೆ ಅವಳು ಸ್ವಲ್ಪ ಜಾಗ ಬಿಟ್ಟಳು. ಒಬ್ಬ ಮನುಷ್ಯ ಬಂದು ಕೂರಬಹುದಾದಷ್ಟು ಜಾಗ. ದೇವಾನಂದನ ಕೈ ಅಂಗಿಯ ಜೇಬಿಗೆ ಹೋಯಿತು. ಕೆಂಪು ತುಂಡು ಬೆರಳಿಗೆ ತಾಗಿತು. ಸ್ವಾರಗೇಟ್ ಬಂತು, ಜನ ಇಳಿದರು, ಜನ ಹತ್ತಿದರು. ಅವಳು ನಗುತ್ತ ಅವನ ಭುಜಕ್ಕೆ ತಲೆ ಆನಿಸಿ, ಡಬ್ಬಿಯ ಕೋಲನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತ ಕೂತಳು.

ಅವತ್ತಿನ ತಪ್ಪು ಅವಳ ಕೈಯದಲ್ಲ, ತನ್ನದು ಎಂದು ದೇವಾನಂದ ಮಗಳಿಗೆ ಎಂದೂ ಹೇಳಲಿಲ್ಲ.